ನಿಂಗಾಜಮ್ಮನ ಸಂಡಿಗೆಯೂ ಹಲ್ಲಿಲ್ಲದ ಮೋಡವೂ

ಒಂದಾನೊಂದು ಊರಿನಲ್ಲಿ ನಿಂಗಾಜಮ್ಮ ಅಂತ ಒಬ್ಬ ಹೆಂಗಸಿದ್ದಳು. ಅವಳು ಅಂಗಳದಲ್ಲಿ ಸಂಡಿಗೆ ಹಾಕಿದರೆ ಮೋಡ ಬರುತ್ತಿತ್ತು. ನಗಬೇಡಿ. ನಿಮ್ಮ ಮನೆಗೂ ಬರುತ್ತದೆ, ನನಗೆ ಗೊತ್ತು. ನಿಮ್ಮ ಮನೆಗೆ ಒಮ್ಮೊಮ್ಮೆ ಬರುತ್ತದೆ, ಅವಳ ಮನೆಗೆ ತಪ್ಪದೆ ಬರುತ್ತಿತ್ತು. ಅಷ್ಟೇ.

ಆಗ ಚೈತ್ರ ಮಾಸ. ಚೈತ್ರದ ಹವೆ ಸಂತೆಗೆ ಹೋದ ಗಂಡನ ಹಾಗೆ. ಯಾವಾಗ ಬರುತ್ತದೆ, ಯಾವ ಮುಖ ಹೊತ್ತು ಬರುತ್ತದೆ, ಯಾರಿಗೂ ಗೊತ್ತಿಲ್ಲ. ಬೆಳಗ್ಗೆ ಬಿಸಿಲು. ನಿಂಗಾಜಮ್ಮ ಚಾಪೆ ಹಾಸುತ್ತಾಳೆ, ಗಂಜಿ ಕಾಯಿಸಿ ಸೌಟಿನಲ್ಲಿ ಸಂಡಿಗೆ ಬಿಡುತ್ತಾಳೆ. ಮೋಡ ಬರುತ್ತದೆ. ಸಂಡಿಗೆ ನೆನೆಯುತ್ತದೆ. ಅವಳು ಬೈದುಕೊಂಡು ಚಾಪೆ ಎತ್ತುತ್ತಾಳೆ. ಬಿಸಿಲು ಬರುತ್ತದೆ.

ಚಾಪೆಗೂ ಸಾಕಾಗಿತ್ತು.

"ಲೇ ನಿಂಗಾಜಿ," ಅಂದಿತು ಚಾಪೆ. "ಹಾಸಿಸ್ಕೊಳೋಳು ನಾನು, ಒದ್ದೆ ಆಗೋಳು ನಾನು. ನನ್ನ ಬೆನ್ನು ಒಣಗಿದ್ದು ಯಾವ ಕಾಲದಲ್ಲಿ, ಹೇಳು ನೋಡಣ?"

"ಸುಮ್ಕಿರೆ. ನನ್ನ ಮಗಳ ಕಷ್ಟ ನಂಗೆ," ಅಂದಳು ನಿಂಗಾಜಮ್ಮ.

ಮಗಳ ಕಷ್ಟ ಏನೆಂದರೆ, ದೇವೀರಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬಿತು. ದಿನ ಮೀರಿತು. ಮಗು ಬರಲಿಲ್ಲ. ಸೂಲಗಿತ್ತಿ ಬಂದು ಹೊಟ್ಟೆಗೆ ಕಿವಿ ಇಟ್ಟಳು.

"ಯಾಕಪ್ಪ ಬರ್ತಿಲ್ಲ?" ಅಂದಳು.

"ನಂಗೆ ಕರುಂ ಕೇಳಬೇಕು," ಅಂದಿತು ಒಳಗಿನ ಮಗು. "ಒಣಗಿದ ಸಂಡಿಗೆ ಕರಿದು ಅವ್ವ ತಿನ್ನಬೇಕು, ಕರುಂ ಅನ್ನಬೇಕು. ಕರುಂ ಅನ್ನದ ಮನೆಗೆ ಬಂದು ನಾನೇನು ಮಾಡ್ಲಿ? ಇಲ್ಲೇ ಇರ್ತೀನಿ."

ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಅಂತ ಊರಲ್ಲಿ ಹೇಳುತ್ತಿದ್ದರು. ಮಗುವೇ ಬಯಸಿದರೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ದೇವೀರಿಗೆ ಕೂರಲು ಆಗದು, ಮಲಗಲು ಆಗದು. ಗೋಡೆ ಹಿಡಿದು ನಿಂತಿದ್ದಳು.

ಪಕ್ಕದ ಮನೆಯಲ್ಲಿ ಒಂದು ಸಂಡಿಗೆ ಕಡ ತರಬಹುದಿತ್ತಲ್ಲ ಅನ್ನುತ್ತೀರಿ. ಪಕ್ಕದ ಮನೆಯಲ್ಲಿ ಸಂಡಿಗೆ ಇರಲಿಲ್ಲ. ಯಾರ ಮನೆಯಲ್ಲೂ ಇರಲಿಲ್ಲ. ಸಂಡಿಗೆ ಹಾಕಲು ಪುರುಸೊತ್ತು ಬೇಕು. ಊರಿನವರು ಆರು ದಿನ ರಾಜನ ಗದ್ದೆಯಲ್ಲಿ ಇರುತ್ತಿದ್ದರು, ಭಾನುವಾರ ರಾಜನ ಹಿತ್ತಲಿನಲ್ಲಿ ಇರುತ್ತಿದ್ದರು. ನಿಂಗಾಜಮ್ಮ ಮಾತ್ರ ಕಾಲು ಉಳುಕಿದೆ ಅಂತ ಸುಳ್ಳು ಹೇಳಿ ಮನೆಯಲ್ಲಿ ಉಳಿದಿದ್ದಳು. ಒಂದು ವಾರ ಎಡಗಾಲು, ಇನ್ನೊಂದು ವಾರ ಬಲಗಾಲು.

ಈಗ ರಾಜನ ವಿಷಯ. ಅವನ ಹೆಸರು ಗುದ್ದಲಿರಾಯ. ಅವನಿಗೆ ಹಿತ್ತಲಿನಲ್ಲಿ ಒಂದೇ ಒಂದು ಬದನೆ ಗಿಡ ಇತ್ತು. ಭಾನುವಾರ ಅವನು ಸ್ವಂತ ಕೈಯಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಅಂದರೆ, ಗುದ್ದಲಿಯನ್ನು ಒಮ್ಮೆ ನೆಲಕ್ಕೆ ತಾಗಿಸುತ್ತಿದ್ದ. ಮಿಕ್ಕದ್ದನ್ನು ಊರು ಅಗೆಯುತ್ತಿತ್ತು. ಅಗೆಯುತ್ತಾ, ನಮ್ಮ ರಾಜ ಎಷ್ಟು ದುಡಿಯುತ್ತಾನೆ ಅಂತ ಜೈಕಾರ ಹಾಕಬೇಕಿತ್ತು. ರಾಜನ ಹಣೆ ಒರೆಸಲು ಒಬ್ಬನಿದ್ದ. ಬೆವರು ಇರಲಿಲ್ಲ, ಆದರೂ ಒರೆಸುತ್ತಿದ್ದ. ಅವನಿಗೂ ಸಂಸಾರ ಇತ್ತಲ್ಲ.

ಗುದ್ದಲಿರಾಯ ಗಿಡಕ್ಕೆ ಬಾವಿಯ ನೀರು ಹಾಕಿಸುತ್ತಿರಲಿಲ್ಲ. "ಬಾವಿ ನೀರು ಕೆಳಗಿನಿಂದ ಬರುತ್ತೆ. ಮಳೆ ನೀರು ಮೇಲಿನಿಂದ ಬರುತ್ತೆ. ಮೇಲಿನಿಂದ ಬಂದದ್ದು ಮೇಲಿನವರಿಗೆ," ಅನ್ನುತ್ತಿದ್ದ. ಮಳೆ ಇಲ್ಲ. ಗಿಡ ಬಾಡಿತು.

ಆಗ ಮಂತ್ರಿಯ ಕಿವಿಗೆ ಒಂದು ಮಾತು ಬಿತ್ತು. ಹಿತ್ತಲು ಅಗೆಯುತ್ತಿದ್ದ ಚಿಕ್ಕತಾಯಮ್ಮ ಪಕ್ಕದವಳಿಗೆ ಹೇಳುತ್ತಿದ್ದಳು: "ಬಟ್ಟೆ ಒಳಗೆ ಹಾಕಿ ಬಂದೆ ಕಣಕ್ಕ. ನಿಂಗಾಜಕ್ಕ ಇವತ್ತು ಸಂಡಿಗೆ ಹಾಕ್ತಾಳೆ."

ಮಂತ್ರಿ ರಾಜನಿಗೆ ಹೇಳಿದ. ರಾಜ ಯೋಚಿಸಿದ. ಸಂಡಿಗೆ ಹಾಕಿದರೆ ಮೋಡ ಬರುತ್ತದೆ. ಹಾಗಾದರೆ ಮೋಡವನ್ನು ತರುವುದು ಸಂಡಿಗೆ. ನಿಂಗಾಜಮ್ಮನನ್ನು ಚಾಪೆಸಮೇತ ಎಳೆದು ತಂದರು.

"ಪ್ರತಿ ಭಾನುವಾರ ಇಲ್ಲಿ ಸಂಡಿಗೆ ಹಾಕು," ಅಂದ ರಾಜ.

"ಬುದ್ಧಿ, ಸಂಡಿಗೆ ಹಾಕೋದು ಒಣಗಕ್ಕೆ."

"ನೀನು ಒಣಗಕ್ಕೆ ಹಾಕು. ನಾನು ನೆನೆಯಕ್ಕೆ ಹಾಕಿಸ್ತೀನಿ. ಇಬ್ಬರ ಕೆಲಸಾನೂ ಆಗುತ್ತೆ."

"ನನ್ನ ಮಗಳು ಗೋಡೆ ಹಿಡಿದು ನಿಂತವಳೆ ಬುದ್ಧಿ."

"ಗೋಡೆ ಗಟ್ಟಿಯಾಗಿದೆಯಾ?"

"ಗಟ್ಟಿಯಾಗೇ ಅದೆ."

"ಮತ್ತೇನು ಚಿಂತೆ?"

ನಿಂಗಾಜಮ್ಮ ಸಂಡಿಗೆ ಹಾಕಿದಳು. ಹೇಗೂ ನೆನೆಯುತ್ತದೆ ಅಂತ ಗೊತ್ತಿತ್ತು. ಒಣಗಲಿ ಅನ್ನುವ ಆಸೆಯೇ ಇಲ್ಲದೆ ಹಾಕಿದಳು. ಮೋಡ ಬರಲಿಲ್ಲ. ರಾಜ ಸಿಟ್ಟಾದ. ಮಂತ್ರಿ ಪರೀಕ್ಷೆ ಮಾಡಿ ಹೇಳಿದ, "ಪ್ರಭು, ಇವಳು ಆಸೆ ಪಡುತ್ತಿಲ್ಲ."

ಅಂದೇ ಡಂಗುರ ಸಾರಿಸಿದರು. ನಿಂಗಾಜಮ್ಮ ಆಸೆ ಪಡತಕ್ಕದ್ದು. ಪಡದಿದ್ದರೆ ಸೆರೆಮನೆ. ಆಸೆ ನೋಡಿಕೊಳ್ಳಲು ಈಟಿ ಹಿಡಿದ ಒಬ್ಬ ಕಾವಲಿನವನನ್ನು ಇಟ್ಟರು.

"ಅವ್ವ, ಆಸೆ ಕಮ್ಮಿಯಾಯ್ತು. ಇನ್ನೊಂಚೂರು ಪಡು," ಅನ್ನುತ್ತಿದ್ದ ಅವನು.

"ಎಲ್ಲಿಂದ ತರ್ಲಪ್ಪ?"

"ಮಗಳನ್ನ ನೆನೆಸ್ಕೋ. ಹಾಂ, ಈಗ ಬಂತು, ಈಗ ಬಂತು."

ನೋಡಿದಿರಾ? ಆಸೆ ಅವಳದು, ಮಳೆ ಅವನದು. ಇದೇನು ಹೊಸದಲ್ಲ. ಮುಂದೆ ಕೇಳಿ.

ಮಗಳು ನೆನಪಾದಳು, ಆಸೆಯಾಯಿತು, ಮೋಡ ಬಂತು. ಸಂಡಿಗೆ ನೆನೆಯಿತು, ಬದನೆ ಗಿಡ ನಲಿಯಿತು. ರಾಜ ಗಿಡಕ್ಕೆ ಕೈಮುಗಿದು ಒಳಗೆ ಹೋದ. ಕಾವಲಿನವನು ಮಳೆಗೆ ಹೆದರಿ ಸೂರಿನಡಿ ನಿಂತ. ನಿಂಗಾಜಮ್ಮ ಸೌಟು ಎತ್ತಿ ಮೋಡಕ್ಕೆ ತೋರಿಸಿದಳು.

"ನಿನ್ನ ಮನೆ ಹಾಳಾಗ! ಬಾ ಇಲ್ಲಿ. ನಿಂಗೆ ನನ್ನ ಮೇಲೆ ಯಾಕೆ ಹಗೆ?"

ಮೋಡ ಬಗ್ಗಿ ಸೌಟಿನ ಹತ್ತಿರ ಬಂತು. ಅದರ ಬಾಯಿ ಬೊಚ್ಚು ಬಾಯಿ.

"ಹಗೆ ಅಲ್ಲ ಕಣವ್ವ, ಹಸಿವು. ನಂಗೆ ಹಲ್ಲಿಲ್ಲ. ನೆನೆಸ್ಕೊಂಡು ಚೂರುಪಾರು ನೆಕ್ಕಿ ಹೋಗ್ತೀನಿ."

"ರಾಜನ ಗಿಡಕ್ಕೆ ನೀರು ಹಾಕಕ್ಕೆ ಬರ್ತೀಯ ಅಂತವರೆ?"

"ಯಾವ ರಾಜ?" ಅಂದಿತು ಮೋಡ. "ಮೇಲಿಂದ ನಂಗೆ ಬರೀ ಸಂಡಿಗೆ ಕಾಣ್ಸೋದು. ಒಣಗಲಿ ಅಂತ ಯಾರು ಆಸೆಯಿಂದ ಹಾಕ್ತಾರೋ ಅವರ ಸಂಡಿಗೆ ಘಮ ಅನ್ನುತ್ತೆ. ನಿನ್ನ ಕೈ ಉಪ್ಪಂತೂ ಹದ. ಊರಲ್ಲಿ ನೀನೊಬ್ಬಳೇ ಹಾಕೋದು. ನಾನೂ ಒಂದೇ. ಒಂದು ಚಾಪೆಗೆ ಒಂದು ಮೋಡ ಆಗುತ್ತೆ."

ನಿಂಗಾಜಮ್ಮ ಸೌಟು ಇಳಿಸಿದಳು. "ಎಲ್ಲರೂ ಹಾಕಿದರೆ?"

ಮೋಡ ಯೋಚಿಸಿತು. ಲೆಕ್ಕ ಅದಕ್ಕೆ ಬರುತ್ತಿರಲಿಲ್ಲ. "ನೋಡ್ಬೇಕು ಕಣವ್ವ," ಅಂದು ಹೋಯಿತು.

ಆ ವಾರವಿಡೀ, ಊರು ಗದ್ದೆಯಿಂದ ಮನೆಗೆ ಬಂದ ಮೇಲೆ, ನಿಂಗಾಜಮ್ಮ ಉಪ್ಪಿನ ಮಡಕೆ ಸೊಂಟಕ್ಕೆ ಇಟ್ಟುಕೊಂಡು ಮನೆಮನೆಗೆ ಹೋದಳು. ಮೊದಲು ಹೋದದ್ದು ಚಿಕ್ಕತಾಯಮ್ಮನ ಮನೆಗೆ.

"ನಿನ್ನ ಬಾಯಿಂದ ನನ್ನ ಭಾನುವಾರ ಹೋಯ್ತು ಕಣೆ ತಾಯಿ."

"ನಮ್ಮದು ಯಾವಾಗ ಇತ್ತಕ್ಕ?" ಅಂದಳು ಚಿಕ್ಕತಾಯಮ್ಮ. "ಅಂಗಳ ನೋಡು. ಸಗಣಿ ಕಂಡು ಯಾವ ಕಾಲ ಆಯ್ತೋ. ತರಗು ಮೊಣಕಾಲುದ್ದ ಬಿದ್ದದೆ. ಅರಮನೆ ಹಿತ್ತಲಲ್ಲಿ ಮಾತ್ರ ಒಂದು ಎಲೆ ಇಲ್ಲ."

"ಈ ಭಾನುವಾರ ಕಾಲು ಉಳುಕಿಸ್ಕೋ. ಅಂಗಳ ಗುಡಿಸು, ಸಾರಿಸು, ಸಂಡಿಗೆ ಹಾಕು. ಉಪ್ಪು ನಾನು ಹಾಕ್ತೀನಿ. ಆಸೆ ನೀನೇ ಪಡಬೇಕು."

"ಆಸೆಗೇನು ಬರ," ಅಂದಳು ಚಿಕ್ಕತಾಯಮ್ಮ. "ಕೂಡಿಟ್ಟದ್ದು ಬೇಕಾದಷ್ಟದೆ."

ಭಾನುವಾರ ಬಂತು. ಗುದ್ದಲಿರಾಯ ಗುದ್ದಲಿ ಹಿಡಿದು ನಿಂತ. ಯಾರೂ ಬರಲಿಲ್ಲ. ಕಾವಲಿನವನು ಊರಿಗೆ ಓಡಿದ. ಊರಿಗೆ ಊರೇ ಕಾಲು ಉಳುಕಿಸಿಕೊಂಡಿತ್ತು. ಉಳುಕಿಸಿಕೊಂಡು ಅಂಗಳ ಗುಡಿಸುತ್ತಿತ್ತು.

"ಕಾಲು ಉಳುಕಿದೆ ಅಂತೀರ, ಗುಡಿಸ್ತಿದ್ದೀರಲ್ಲ?"

"ಗುಡಿಸೋದು ಕೈಯಲ್ಲಿ ಕಣಪ್ಪ," ಅಂದಳು ಚಿಕ್ಕತಾಯಮ್ಮ. "ನಿನ್ನ ಕಾಲು ಹೆಂಗದೆ?"

ಅವನು ತನ್ನ ಕಾಲು ನೋಡಿಕೊಂಡ. ತನ್ನ ಮನೆಯ ಅಂಗಳ ನೆನಪಾಯಿತು. "ನಂಗೂ ಯಾಕೋ ಉಳುಕಿದೆ," ಅಂದು ಈಟಿಯನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಊರುಗೋಲು ಮಾಡಿ ಮನೆಗೆ ಹೋದ.

ಎಲ್ಲ ಅಂಗಳದಲ್ಲೂ ಚಾಪೆ ಬಿತ್ತು. ಎಲ್ಲ ಚಾಪೆಯ ಮೇಲೂ ಸಂಡಿಗೆ ಬಿತ್ತು. ಮೋಡ ಬಂತು. ಎಲ್ಲ ಕಡೆಯಿಂದಲೂ ಘಮ. ಈ ಅಂಗಳಕ್ಕೆ ಹೊರಟರೆ ಆ ಅಂಗಳ ಕರೆಯಿತು. ಆ ಅಂಗಳಕ್ಕೆ ಹೊರಟರೆ ಮತ್ತೊಂದು ಕರೆಯಿತು. ಮೋಡ ಬೀದಿಯ ನಡುವೆ ನಿಂತು ತಬ್ಬಿಬ್ಬಾಯಿತು. ಕೊನೆಗೆ ಹರಿದುಕೊಂಡು ಮನೆಗೊಂದು ಚೂರು ಆಯಿತು. ಒಂದೊಂದು ಚೂರೂ ಕರವಸ್ತ್ರದಷ್ಟು. ಒಂದೊಂದು ಅಂಗಳದಲ್ಲೂ ಒಂದೇ ಒಂದು ಹನಿ. ಆ ಹನಿ ಒಂದೇ ಒಂದು ಸಂಡಿಗೆಯ ಮೇಲೆ ಬಿತ್ತು. ಮೋಡದ ಚೂರು ಅದನ್ನು ನೆಕ್ಕಿತು. ಹೊಟ್ಟೆಯೂ ಅಷ್ಟೇ ಚಿಕ್ಕದಾಗಿತ್ತು, ತುಂಬಿತು. ಉಳಿದದ್ದೆಲ್ಲ ಬಿಸಿಲು.

ಅರಮನೆಯ ಹಿತ್ತಲಿನಲ್ಲಿ ರಾಜ ಕೂಗಿದ. "ಎಲೈ ಮೋಡವೇ, ಬಾ!"

"ಯಾವ ಚೂರನ್ನ ಕರೀತಿದ್ದೀರ?" ಅಂತ ಮೇಲಿನಿಂದ ಕೇಳಿತು. "ಹೆಸರು ಹಿಡಿದು ಕರೀರಿ."

ರಾಜನಿಗೆ ಹೆಸರು ಗೊತ್ತಿರಲಿಲ್ಲ. ಯಾರ ಹೆಸರೂ ಗೊತ್ತಿರಲಿಲ್ಲ. ಬಾವಿ ಎಲ್ಲಿದೆ ಅಂತ ಮಂತ್ರಿಯನ್ನು ಕೇಳಿದ. ಮಂತ್ರಿಗೂ ಗೊತ್ತಿರಲಿಲ್ಲ. ಬದನೆ ಗಿಡ ತಲೆ ಬಗ್ಗಿಸಿತು.

ಸಂಜೆ ನಿಂಗಾಜಮ್ಮ ಬಾಣಲೆ ಇಟ್ಟಳು. ಕಾದ ಎಣ್ಣೆಗೆ ಸಂಡಿಗೆ ಬಿಟ್ಟಳು. ಸಂಡಿಗೆ ಮುದುರಿಕೊಂಡು ಮಲಗಲಿಲ್ಲ. ಅರಳಿತು. ಮೂಲೆಯಲ್ಲಿ ಒರಗಿದ್ದ ಚಾಪೆ ಮೊದಲ ಸಲ ಒಣ ಬೆನ್ನು ಗೋಡೆಗೆ ಉಜ್ಜಿ, "ಆಹಾ," ಅಂದಿತು. ದೇವೀರಿ ಗೋಡೆ ಬಿಟ್ಟಳು. ಸಂಡಿಗೆ ಬಾಯಿಗೆ ಇಟ್ಟಳು. ಕಚ್ಚಿದಳು.

ಕರುಂ.

"ದಾರಿ ಬಿಡಿ," ಅಂತ ಒಳಗಿನಿಂದ ದನಿ ಬಂತು. ಸೂಲಗಿತ್ತಿ ಸೆರಗು ಕಟ್ಟುವಷ್ಟರಲ್ಲಿ ಮಗು ಹೊರಗೆ ಬಂದಿತ್ತು. ಹೆಣ್ಣು ಮಗು. ಬಂದದ್ದೇ ಕಿವಿ ಮುಟ್ಟಿಕೊಂಡು ನೋಡಿತು. ಸೋರುತ್ತಿರಲಿಲ್ಲ. ಆಮೇಲೆ ಅತ್ತಿತು, ಮಿಕ್ಕ ಮಕ್ಕಳ ಹಾಗೆಯೇ.

ಅದೇ ಹೊತ್ತಿಗೆ ಊರೆಲ್ಲ ಊಟಕ್ಕೆ ಕೂತಿತ್ತು. ಮನೆಮನೆಯಲ್ಲೂ ಕರುಂ. ಬೀದಿಬೀದಿಯಲ್ಲೂ ಕರುಂ. ಅರಮನೆಯ ಕಿಟಕಿ ಅದುರಿತು. ರಾಜ ಗುದ್ದಲಿಯನ್ನು ಎದೆಗೆ ಅವಚಿಕೊಂಡ.

"ಮಂತ್ರಿ, ಅದೇನು ಸದ್ದು?"

"ಹಲ್ಲು, ಪ್ರಭು."

"ಯಾರದು?"

"ಎಲ್ಲರದೂ."

ರಾಜ ಕಿಟಕಿ ಮುಚ್ಚಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, "ಅವರಿಗೆ ಹಲ್ಲಿತ್ತೇ?"

ಈ ಕತೆಯ ನೀತಿ: ಸಂಡಿಗೆಗೆ ಉಪ್ಪು ಹದವಾಗಿರಬೇಕು. ಬೇರೆ ನೀತಿ ಬೇಕಾದವರು ತಮ್ಮ ಹಲ್ಲನ್ನು ತಾವೇ ನಾಲಿಗೆಯಲ್ಲಿ ಮುಟ್ಟಿ ನೋಡಿಕೊಳ್ಳಿ. ಕತೆ ಒಣಗಿತು, ಚಾಪೆ ಸುತ್ತಿದೆ. ಏಳಿ, ನಿಮ್ಮ ನಿಮ್ಮ ಅಂಗಳ ಗುಡಿಸಿ.