ಮೆಣಸಿನ ಕಾಡಿಗೆ ಬಂದ ಎರಡು ಉಪ್ಪಿನ ದೋಣಿಗಳು

ಕಡಲಿಗೆ ತೀರ ಹತ್ತಿರವಿದ್ದ ಒಂದು ಕಾಡಿನಲ್ಲಿ ಕಾಳುಮೆಣಸಿನ ಬಳ್ಳಿಗಳು ಮರಮರಕ್ಕೂ ಹಬ್ಬಿದ್ದವು. ಆ ಕಾಡಿನಲ್ಲಿ ಇಲ್ಲದ್ದು ಒಂದೇ, ಉಪ್ಪು. ಜಿಂಕೆಗಳೂ ಕಾಡೆಮ್ಮೆಗಳೂ ಉಪ್ಪಿನ ಆಸೆಗೆ ಮಣ್ಣು ನೆಕ್ಕುತ್ತಿದ್ದವು. ಹಾಗಾಗಿ ಪ್ರತಿ ಬೇಸಿಗೆಯಲ್ಲೂ ಕಡಲಾಚೆಯಿಂದ ಎರಡು ದೋಣಿಗಳು ಉಪ್ಪು ಹೇರಿಕೊಂಡು ಬರುತ್ತಿದ್ದವು. ಒಂದು ನೀರುನಾಯಿ ಸುಳಿಯಪ್ಪನದು, ಸಪೂರ, ಚುರುಕು. ಇನ್ನೊಂದು ಕಡಲಾಮೆ ದುಂಡಯ್ಯನದು. ಒಡೆಯನ ಹಾಗೆಯೇ ಅಗಲವಾದದ್ದು. ಉಪ್ಪು ಕೊಟ್ಟು ಮೆಣಸು ಒಯ್ಯುವುದು ಇಬ್ಬರ ಕಸುಬು. ಕಾಡಿನ ಪರವಾಗಿ ವ್ಯಾಪಾರ ನೋಡಿಕೊಳ್ಳುತ್ತಿದ್ದವಳು ಕೆಂಚಕ್ಕ ಎಂಬ ಅಳಿಲು.

ಇಬ್ಬರಿಗೂ ಸಾಲುವಷ್ಟು ಮೆಣಸು ಕಾಡಿನಲ್ಲಿತ್ತು. ಆದರೆ ಈ ನೀರಿಗೆ ಮೊದಲು ಬಂದವನು ತನ್ನ ಅಜ್ಜ ಎಂದು ಸುಳಿಯಪ್ಪ ಹೇಳುತ್ತಿದ್ದ. ಇಲ್ಲ, ತನ್ನಜ್ಜ ಎಂದು ದುಂಡಯ್ಯ ಹೇಳುತ್ತಿದ್ದ. ಒಂದು ವರ್ಷ ಸುಳಿಯಪ್ಪ ಹೊಳೆಬಾಯಿಯಲ್ಲಿ ಅಡ್ಡಗಟ್ಟಿ ದುಂಡಯ್ಯನ ಮೆಣಸು ಕಸಿದ. ಮರುವರ್ಷ ದುಂಡಯ್ಯ ಸುಳಿಯಪ್ಪನದನ್ನು ಕಸಿದ. ಬರಿಗೈಯಲ್ಲಿ ಮನೆ ಸೇರಿದ ಆ ವರ್ಷವನ್ನು ಸುಳಿಯಪ್ಪ ಮರೆತಿರಲಿಲ್ಲ. ಚಳಿ ಬಿತ್ತೆಂದರೆ ಅವನ ಮರಿಗಳಿಗೆ ಕೆಮ್ಮು. ಮೆಣಸಿನ ಕಷಾಯಕ್ಕಲ್ಲದೆ ಬೇರೆ ಮದ್ದಿಗೆ ಅದು ಬಗ್ಗುತ್ತಿರಲಿಲ್ಲ. ಆ ಸಲ ಚಿಕ್ಕ ಮರಿ ಉಳಿದದ್ದೇ ದೊಡ್ಡದು.

ಈ ಬೇಸಿಗೆ ಮೆಣಸಿಲ್ಲದೆ ಮರಳುವುದಿಲ್ಲವೆಂದು ಅವನು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದ. ದಾರಿಯಲ್ಲಿ ಒಂದು ಉಪಾಯವೂ ಹೊಳೆಯಿತು. ದುಂಡಯ್ಯನೇ ಮೊದಲು ಮೆಣಸು ತುಂಬಿಕೊಳ್ಳಲಿ. ಅವನು ಹೊರಟಾಗ ಹಿಡಿದರಾಯಿತು. ಮೆಣಸೂ ಸಿಕ್ಕಿತು, ತನ್ನ ಉಪ್ಪೂ ಉಳಿಯಿತು. ಹೀಗೆಂದುಕೊಂಡು ಸುಳಿಯಪ್ಪ ಹೊಳೆಬಾಯಿಯ ಪೊದೆಗಳೊಳಗೆ ದೋಣಿ ನುಗ್ಗಿಸಿದ. ಉಪ್ಪಿನ ಮೇಲೆ ಹೊದಿಸಿದ್ದ ಓಲೆಯ ತಟ್ಟಿಗಳನ್ನು ಬಿಚ್ಚಿ, ದೋಣಿ ಕಾಣದಂತೆ ಪಕ್ಕಕ್ಕೆ ಮರೆ ಕಟ್ಟಿದ.

ಚುಕ್ಕಾಣಿ ಹಿಡಿಯುವ ಕೊಕ್ಕರೆಗೆ ಇದು ಸರಿಬೀಳಲಿಲ್ಲ. "ಧಣಿ, ಉಪ್ಪು ಬಯಲಿಗೆ ಬಿತ್ತಲ್ಲ?"

"ಮಳೆಗೆ ಇನ್ನೂ ದಿನ ಇದೆ. ನೀನು ಮೊದಲು ಕತ್ತು ತಗ್ಗಿಸು. ಅರ್ಧ ಕಡಲಿಗೆ ಕಾಣ್ತದೆ ಅದು."

ಕೆಂಚಕ್ಕ ಕೊಂಬೆಯಿಂದ ಕೊಂಬೆಗೆ ಹಾರಿ ಪೊದೆಯವರೆಗೂ ಬಂದಳು. ಮೆಣಸು ಒಣಗಿ ಸಿದ್ಧವಾಗಿದೆ, ಬಾಣಂತಿ ಜಿಂಕೆಗಳು ಉಪ್ಪಿಗಾಗಿ ಕಾದಿವೆ, ತಡವೇಕೆಂದು ಕೇಳಿದಳು. ಹೊಳೆಯಲ್ಲಿ ಸೆಳೆತ ಜೋರಾಗಿದೆ ಎಂದ ಸುಳಿಯಪ್ಪ. ಕೆಂಚಕ್ಕ ನಿಂತ ನೀರಿನಂತಿದ್ದ ಹೊಳೆಯನ್ನೊಮ್ಮೆ ನೋಡಿದಳು.

"ನೋಡು ಸುಳಿಯಪ್ಪ, ಬೇರೆಯವರು ಉಪ್ಪು ತಂದರೆ ನಾನು ಬೇಡ ಅನ್ನುವವಳಲ್ಲ. ಆಮೇಲೆ ನನ್ನನ್ನು ದೂರಬೇಡ."

"ಬೇರೆ ಯಾರಕ್ಕ, ಆ ದುಂಡು ಬೋಗುಣಿಯೇ? ತರಲಿ, ತರಲಿ," ಎಂದು ಸುಳಿಯಪ್ಪ ಮೀಸೆಯೊಳಗೇ ನಕ್ಕ.

ದಿನಗಳು ಕಳೆದವು. ದುಂಡಯ್ಯನ ಸುಳಿವೇ ಇಲ್ಲ. ನೀರಿಳಿದಾಗಲೆಲ್ಲ ಕೆಸರಿನ ಮೇಲೆ ಏಡಿಗಳು ಸಾಲಾಗಿ ಕಾಡಿನ ಕಡೆ ಹೋಗುತ್ತಿದ್ದವು. ಅವುಗಳ ಕೊಂಡಿಯಲ್ಲಿ ಏನೋ ಬೆಳ್ಳಗಿದೆ ಎಂದು ಕೊಕ್ಕರೆ ತೋರಿಸಿತು. ಏಡಿ ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಸುಳಿಯಪ್ಪ ಗದರಿದ. ಅವನ ಕಣ್ಣು ಕಡಲಿನ ಮೇಲೆಯೇ ಇತ್ತು.

ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಎದ್ದಿತು. ನೋಡುತ್ತಿದ್ದಂತೆ ಮಳೆ ಬಂದೇಬಿಟ್ಟಿತು. ಸುಳಿಯಪ್ಪ ತಟ್ಟಿಗಳನ್ನು ಬಿಚ್ಚಲು ಓಡಿದ. ಗಾಳಿಗೆ ಅಲುಗದಿರಲೆಂದು ಅವನೇ ಬಿಗಿದಿದ್ದ ಗಂಟುಗಳು ನೆನೆದು ಇನ್ನಷ್ಟು ಬಿಗಿದುಕೊಂಡಿದ್ದವು. ಮಳೆ ನಿಂತಾಗ ದೋಣಿಯ ತಳದಲ್ಲಿ ಉಪ್ಪುನೀರು ಮಾತ್ರ ಇತ್ತು.

ಅವನು ಕಾಡಿಗೆ ಹೋಗಿ ನಿಂತ. ಮೆಣಸಿನ ಕಣಜ ಬರಿದಾಗಿತ್ತು. ಉಪ್ಪಿನಾಗರದ ಏಡಿಗಳು ಚಿಟಿಕೆ ಚಿಟಿಕೆಯಾಗಿ ಉಪ್ಪು ತಂದು, ಕಾಳು ಕಾಳಾಗಿ ಮೆಣಸು ಒಯ್ದಿದ್ದವು. ಸುಳಿಯಪ್ಪ ವಾದಿಸಲಿಲ್ಲ. ಮರಿಗಳ ಕೆಮ್ಮಿನ ವಿಷಯ ಹೇಳಿದ. ಕೆಂಚಕ್ಕ ಕಣಜದ ಮೂಲೆಗಳನ್ನು ಬಾಚಿ, ಸಿಕ್ಕಷ್ಟನ್ನು ಎಲೆಯಲ್ಲಿ ಕಟ್ಟಿಕೊಟ್ಟಳು.

"ಇದು ವ್ಯಾಪಾರ ಅಲ್ಲ," ಎಂದಳು. "ಮರಿಗಳಿಗೆ."

ಸಣ್ಣ ಪೊಟ್ಟಣ. ಚಿಕ್ಕ ಮರಿಯೊಂದಕ್ಕೆ ಈ ಚಳಿಗಾಲಕ್ಕೆ ಸಾಕಾದೀತು. ದೊಡ್ಡವು ಕೆಮ್ಮುತ್ತಲೇ ಕಳೆಯಬೇಕು.

ದೋಣಿ ಹೊಳೆಬಾಯಿಗೆ ಬಂದಾಗ ಎದುರಿನ ಬಂಡೆಯ ಮರೆಯಿಂದ ದುಂಡಯ್ಯನ ದೋಣಿ ಹೊರಬಂತು. ಅಭ್ಯಾಸಬಲ, ಇಬ್ಬರೂ ದೋಣಿಗಳನ್ನು ಅಡ್ಡ ತಿರುಗಿಸಿದರು. ಒಬ್ಬರ ದೋಣಿಯೊಳಗೆ ಇನ್ನೊಬ್ಬರು ಇಣುಕಿದರು.

"ನಿನ್ನ ಮೆಣಸೆಲ್ಲಿ?" ಎಂದು ಸುಳಿಯಪ್ಪ ಕೇಳಿದ.

"ನೀನು ತುಂಬಿಕೊಂಡು ಬರ್ತೀಯ ಅಂತ ಈ ಬಂಡೆಯ ಹಿಂದೆ ಕೂತಿದ್ದೆ ಮಾರಾಯ," ಎಂದ ದುಂಡಯ್ಯ. "ಅಲೆ ನುಗ್ಗಿ ಉಪ್ಪೆಲ್ಲ ಕರಗಿಹೋಯಿತು. ನೀನೆಲ್ಲಿದ್ದೆ?"

"ಆ ಪೊದೆಯಲ್ಲಿ."

ಸುಳಿಯಪ್ಪ ಪೊಟ್ಟಣವನ್ನು ಮೆಲ್ಲನೆ ಕಾಲಡಿಗೆ ಸರಿಸಿದ. ದುಂಡಯ್ಯ ಅದನ್ನು ಕಂಡ. ಕಂಡರೂ ಮುಖ ತಿರುಗಿಸಿ ತನ್ನ ದೋಣಿಯನ್ನು ಪಕ್ಕಕ್ಕೆ ಎಳೆದುಕೊಂಡ. ಎಷ್ಟೋ ವರ್ಷಗಳ ಮೇಲೆ ಎರಡು ದೋಣಿಗಳೂ ಜಗಳವಿಲ್ಲದೆ ಹೊಳೆಬಾಯಿ ದಾಟಿದವು. ಕಸಿದುಕೊಳ್ಳಬೇಕು ಅನ್ನಿಸುವಷ್ಟು ಯಾರ ದೋಣಿಯಲ್ಲೂ ಇರಲಿಲ್ಲ.

ನೀತಿ: ಇನ್ನೊಬ್ಬರ ಗಳಿಕೆಗೆ ಹೊಂಚುಹಾಕಿ ಕೂತವನು ತನ್ನ ಕೈಯಲ್ಲಿದ್ದುದನ್ನೂ ಕಳೆದುಕೊಳ್ಳುತ್ತಾನೆ.