ಬೆನ್ನಿನ ಮಣ್ಣು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಬರೆದು ಅಭ್ಯಾಸವಿಲ್ಲ. ನಮ್ಮ ಗರಡಿಯ ಗುರುಗಳು ಇದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ನನ್ನ ಕೈಯಲ್ಲಿ ಉದ್ದವಾಗುತ್ತದೆ, ಕೆಡಲೂಬಹುದು.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಡೆದದ್ದನ್ನು ಮತ್ತೆ ಮತ್ತೆ ನೋಡಿ, ಕೊನೆಗೂ ತಪ್ಪಾಗಿಯೇ ಹೇಳುವವರ ಮುಂದೆ ಯಾಕೆ ಆಡಬೇಕು?"

ಈ ಶಿಷ್ಯ ಕಬಡ್ಡಿ ಆಟಗಾರ. ಸಂಬಳಕ್ಕೆ ಆಡುವವನು, ಅಂದರೆ ಟಿವಿಯಲ್ಲಿ ಬರುವ ದೊಡ್ಡ ಪಂದ್ಯಗಳಲ್ಲಿ. ಹಿಂದಿನ ದಿನ ಕೊನೆಯ ದಾಳಿಯಲ್ಲಿ ಅವನ ಬೆರಳು ಎದುರಾಳಿಯ ಭುಜಕ್ಕೆ ತಾಗಿತ್ತು. ಆ ಅಂಕ ಸಿಕ್ಕಿದ್ದರೆ ಗೆಲುವು. ತೀರ್ಪುಗಾರ ತಾಗಿಲ್ಲ ಎಂದ. ಶಿಷ್ಯನ ತಂಡದವರು ಮರುಪರಿಶೀಲನೆ ಕೇಳಿದರು. ಪರದೆಯ ಮೇಲೆ ಹಿಂದೆ ಮುಂದೆ ಓಡಿಸಿ ನೋಡಿದರು. ಸ್ಪಷ್ಟವಿಲ್ಲ ಎಂದು ಮೊದಲಿನ ತೀರ್ಪನ್ನೇ ಉಳಿಸಿದರು.

"ತಾಗಿದ್ದು ಆ ಎದುರಾಳಿಗೂ ಗೊತ್ತಿತ್ತು. ಬೇರೆ ಕಡೆ ನೋಡುತ್ತಾ ನಿಂತಿದ್ದ," ಎಂದ ಶಿಷ್ಯ. "ಸಾಕಾಗಿದೆ ಗುರುಗಳೇ. ಇನ್ನು ಅಂಗಳಕ್ಕೆ ಇಳಿಯುವುದಿಲ್ಲ."

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಕುಸ್ತಿಯ ಕಣವಿತ್ತು. ಪಂದ್ಯಕ್ಕೆ ಮೊದಲು ಪೈಲ್ವಾನರು ಬೆನ್ನು ಒರೆಸಿ ಜನರಿಗೆ ತೋರಿಸುವುದು ಅಲ್ಲಿಯ ಪದ್ಧತಿ. ಬೆನ್ನಿಗೆ ಕೆಮ್ಮಣ್ಣು ಹತ್ತಿದವನು ಸೋತ. ನೋಡಿ ಹೇಳಲು ಒಬ್ಬನೇ ಪಂಚ. ಅವನು ಆಗಾಗ ತಪ್ಪುತ್ತಿದ್ದ. "ಕಣ್ಣು ಮನೆಯಲ್ಲಿ ಬಿಟ್ಟು ಬಂದೆಯೇನಪ್ಪಾ?" ಎಂದು ಜನ ಬೈದರು. ಬೈದು ಬೇಸತ್ತು, ಅವನ ತೀರ್ಪನ್ನು ಮತ್ತೊಮ್ಮೆ ನೋಡಲು ಐವರು ಹಿರಿಯರನ್ನು ನೇಮಿಸಿದರು.

ಹಿಂದಿನ ವರ್ಷ ಗದೆ ಗೆದ್ದಿದ್ದವನು ಒಬ್ಬ ಗಾಣಿಗ. ಅವನನ್ನು ಒಬ್ಬ ಕುಂಬಾರ ಎತ್ತಿ ಕೆಡವಿದ. ಪಂಚ ಕುಂಬಾರನ ಕೈ ಎತ್ತಿದ. ಗಾಣಿಗನ ಕಡೆಯವರು ಒಪ್ಪಲಿಲ್ಲ. ಹಿರಿಯರು ಬಂದರು. ಗಾಣಿಗ ಬಿಸಿಲಿನಲ್ಲಿ ಬೆನ್ನು ತೋರಿಸಿ ನಿಂತ. ಒಬ್ಬ ಹಿರಿಯ, ಇದು ಬಿದ್ದಾಗ ಹತ್ತಿದ ಮಣ್ಣಲ್ಲ, ಹಾರಿ ಬಂದದ್ದು ಎಂದ. ಇನ್ನೊಬ್ಬ, ಹೆಗಲಿನದು ಲೆಕ್ಕಕ್ಕಿಲ್ಲ ಎಂದ. ವಾದ ಬೆಳೆಯಿತು. ಬೆವರು ಒಣಗಿತು. ಮಣ್ಣೂ ಒಣಗಿ ಉದುರಿತು. ಕೊನೆಯ ಹಿರಿಯ ಹತ್ತಿರ ಬಂದಾಗ ಬೆನ್ನು ಬರಿದಾಗಿತ್ತು. ಮಣ್ಣಿಲ್ಲ, ಆದ್ದರಿಂದ ಸೋತಿಲ್ಲ ಎಂದು ತೀರ್ಪಾಯಿತು. ಗದೆ ಗಾಣಿಗನಲ್ಲೇ ಉಳಿಯಿತು.

ದಾರಿಯಲ್ಲಿ ಕುಂಬಾರ ಕೇಳಿದ: "ಅಣ್ಣಾ, ಅವರ ಮಾತು ಹಾಗಿರಲಿ. ನಿನ್ನ ಬೆನ್ನಿಗೆ ನೆಲ ತಾಗಿತೋ ಇಲ್ಲವೋ?"

"ತಾಗಿತು. ತಣ್ಣಗಿತ್ತು," ಎಂದ ಗಾಣಿಗ.

"ಹೇಳಬಾರದಿತ್ತೇ?"

"ನನ್ನನ್ನು ಯಾರು ಕೇಳಿದರು?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗೋಡೆಗೊರಗಿದ್ದ ಶಿಷ್ಯ ನೆಟ್ಟಗೆ ಕುಳಿತ. "ನಾನು ಹೇಳುತ್ತಿರುವುದೂ ಅದೇ. ಆ ಗಾಣಿಗನೇ ನನ್ನ ಎದುರಾಳಿ."

"ತೀರ್ಪು ತಪ್ಪಿ ನಿನಗೆ ಲಾಭವಾದ ದಿನಗಳಲ್ಲಿ ನೀನು ನನ್ನ ಹತ್ತಿರ ಬಂದಿರಲಿಲ್ಲ," ಎಂದರು ಗುರುಗಳು.

ಶಿಷ್ಯ, ಏನೋ ಹತ್ತಿದೆ ಎನ್ನುವಂತೆ, ತನ್ನ ಭುಜವನ್ನು ಒಮ್ಮೆ ಒರೆಸಿಕೊಂಡ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ತಪ್ಪು ತಿಳಿದೀರಿ. ಗುರುಗಳು ತೀರ್ಪುಗಾರರು ಸರಿ ಎನ್ನಲಿಲ್ಲ. ಶಿಷ್ಯನಿಗೆ ಅನ್ಯಾಯವಾಗಿಲ್ಲ ಎಂದೂ ಅನ್ನಲಿಲ್ಲ. ಅವರ ಮಾತಿನ ಅರ್ಥ ಏನೆಂದರೆ, ತಾಗಿದ್ದು ಎಲ್ಲರಿಗಿಂತ ಮೊದಲು ತಿಳಿಯುವುದು...

ಕ್ಷಮಿಸಿ. ಶಾಲೆಯ ಬಯಲಿನಲ್ಲಿ ವಾಲಿಬಾಲ್ ಆಡುವವರು ಕೂಗುತ್ತಿದ್ದಾರೆ. "ಮೇಷ್ಟ್ರೇ, ಚೆಂಡು ಗೆರೆಯ ಒಳಗೋ ಹೊರಗೋ, ನೀವೇ ಬಂದು ಹೇಳಿ." ನಾನು ಇಲ್ಲಿ ಬರೆಯುತ್ತಾ ಕುಳಿತಿದ್ದೆ, ಚೆಂಡನ್ನು ನೋಡಿಯೇ ಇಲ್ಲ. ಆದರೂ ಹೋಗಬೇಕು.