ಸಂಜೆ ಕರೆಯಲು ಬರುವವನು

ಹೊಳೆದಂಡೆಯ ಆಶ್ರಮದಲ್ಲಿ ಗುರು ಮಡಿವಾಳಯ್ಯನವರು ಮನಸ್ಸು ನೊಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮಕ್ಕಳು ಬೆಳಿಗ್ಗೆ ಬರಬೇಕು, ಸಂಜೆ ಮನೆಗೆ ಹೋಗಬೇಕು. ಅಲ್ಲೇ ಉಳಿಸಿಕೊಳ್ಳುವ ಪದ್ಧತಿ ಇರಲಿಲ್ಲ.

ಶಿಷ್ಯೆ ದಾನಮ್ಮನಿಗೆ ಇದು ಸರಿಬೀಳುತ್ತಿರಲಿಲ್ಲ.

ಅವಳು ನೋಡಿಕೊಳ್ಳುತ್ತಿದ್ದದ್ದು ಎಂಟು ವರ್ಷದ ಮಾಳವ್ವನನ್ನು. ತಾಯಿ ತೀರಿಕೊಂಡಂದಿನಿಂದ ಹುಡುಗಿ ಮಾತು ಬಿಟ್ಟಿದ್ದಳು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ದಾನಮ್ಮ ದಿನವಿಡೀ ಪಕ್ಕದಲ್ಲೇ ಕೂತು ಅವಳೊಂದಿಗೆ ಮಣ್ಣು ನಾದುತ್ತಿದ್ದಳು, ನೀರಿಗೆ ಕಾಲು ಇಳಿಬಿಟ್ಟು ಹಾಡುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ಹುಡುಗಿಯ ಬಾಯಿಂದ ಒಂದೆರಡು ಮಾತು ಹೊರಡುತ್ತಿತ್ತು.

ಮರುದಿನ ಬರುವಾಗ ಕೈಮೇಲೆ ಮತ್ತೆ ಹಲ್ಲಿನ ಗುರುತು.

ಒಂದು ದಿನ ದಾನಮ್ಮ ಗುರುಗಳ ಬಳಿ ಹೋದಳು. "ಹಗಲೆಲ್ಲ ಕಟ್ಟಿದ್ದು ಬೆಳಗಾಗುವಷ್ಟರಲ್ಲಿ ಕುಸಿದಿರುತ್ತದೆ. ಅವಳನ್ನು ಇಲ್ಲೇ ಇಟ್ಟುಕೊಳ್ಳೋಣ."

"ಅವಳನ್ನು ಕರೆಯಲು ಬರುವವನನ್ನು ನೋಡಿದ್ದೀಯಾ?"

"ದಿನಾ ನೋಡುತ್ತೇನೆ."

"ನೋಡಿಲ್ಲ," ಎಂದು ಗುರುಗಳು ಎದ್ದುಹೋದರು.

ಬರುತ್ತಿದ್ದವನು ತಂದೆ ಬಸಲಿಂಗ. ನೇಕಾರ. ತಲೆಗೂದಲಲ್ಲಿ ನೂಲಿನ ಎಳೆ ಸಿಕ್ಕಿಕೊಂಡಿರುತ್ತಿತ್ತು. ಬಾಗಿಲಲ್ಲಿ ನಿಂತು ಒಂದು ಬೆರಳು ಚಾಚುತ್ತಿದ್ದ, ಮಗಳು ಅದನ್ನು ಹಿಡಿದುಕೊಳ್ಳುತ್ತಿದ್ದಳು. ಮಾತಿಲ್ಲದೆ ಇಬ್ಬರೂ ಹೋಗುತ್ತಿದ್ದರು. ಇಂಥ ಮೂಕ ಮನೆಯಲ್ಲಿ ಮಗು ಹೇಗೆ ಚೇತರಿಸಿಕೊಂಡೀತು ಎಂದು ದಾನಮ್ಮ ಒಳಗೇ ಕುದಿಯುತ್ತಿದ್ದಳು.

ಅದೇ ತಿಂಗಳು ಗುರುಗಳು ಹದಿನೈದು ದಿನ ಪರವೂರಿಗೆ ಹೋದರು. ದಾನಮ್ಮ ಬಸಲಿಂಗನಿಗೆ, ಗುರುಗಳು ಬರುವವರೆಗೆ ಮಗಳು ಇಲ್ಲೇ ಇರಲಿ, ನೀನು ಬರುವುದು ಬೇಡ ಎಂದುಬಿಟ್ಟಳು. ಚಾಚಿದ ಬೆರಳನ್ನು ಅವನು ಮೆಲ್ಲಗೆ ಮಡಚಿಕೊಂಡ. ಹೂಂ ಎಂದು ತಲೆಯಾಡಿಸಿ ಹೋದ.

ಮಾಳವ್ವ ಚೇತರಿಸಿಕೊಂಡಳು. ಹೊಟ್ಟೆ ತುಂಬ ಉಂಡಳು. ಕೈಮೇಲಿನ ಗಾಯ ಮಾಯಿತು. ಹದಿನಾಲ್ಕನೆಯ ದಿನ, "ಅಪ್ಪಗ ಇದನ್ನ ತೋರಸ್ತೀನಿ," ಎಂದು ತಾನು ಮಾಡಿದ ಮಣ್ಣಿನ ಹಕ್ಕಿಯನ್ನು ಒಣಗಲು ಇಟ್ಟಳು.

ಹೇಳಿದ್ದ ಹದಿನೈದು ದಿನ ಕಳೆದು, ಹದಿನಾರನೆಯ ಸಂಜೆಯೂ ಬಸಲಿಂಗ ಬರಲಿಲ್ಲ.

ಮರುದಿನ ದಾನಮ್ಮ ಹುಡುಗಿಯನ್ನು ಕರೆದುಕೊಂಡು ಅವರ ಮನೆಗೆ ಹೋದಳು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಮುದುಕಿ ಬೀಗದ ಕೈ ತಂದುಕೊಟ್ಟಳು. ಅವನು ಊರು ಬಿಟ್ಟು ಹನ್ನೆರಡು ದಿನವಾಯಿತಂತೆ. ಎಲ್ಲಿಗೆಂದು ಯಾರಿಗೂ ಹೇಳಿಲ್ಲವಂತೆ.

"ಮಗಳು ಉಣ್ಣಬೇಕಲ್ಲ ಅಂತ ಸಂಜಿ ಒಲಿ ಹಚ್ಚತಿದ್ದ, ತಂಗಿ," ಎಂದಳು ಮುದುಕಿ. "ಆಕಿ ಬರೋದು ನಿಂತ ಮ್ಯಾಲ ಆ ಮನ್ಯಾಗ ಹೊಗಿನೂ ಕಾಣಲಿಲ್ಲ, ಮಗ್ಗದ ಸಪ್ಪಳನೂ ಕೇಳಲಿಲ್ಲ."

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದಿರುಗುವ ದಾರಿಯಲ್ಲಿ ಕೈಯನ್ನು ಬಾಯಿಗೆ ಒಯ್ದಳು.

ಅಷ್ಟರಲ್ಲಿ ಗುರುಗಳು ಮರಳಿದ್ದರು. ದಾನಮ್ಮ ಏನನ್ನೂ ಮುಚ್ಚಿಡದೆ ಹೇಳಿ, ತಲೆ ತಗ್ಗಿಸಿ ನಿಂತಳು.

"ಬಿಡಿಸಿ ಹೇಳದೆ ಹೋದದ್ದು ನನ್ನ ತಪ್ಪು," ಎಂದರು ಗುರುಗಳು. "ಅವನನ್ನು ಹುಡುಕಲು ನಾನು ಹೊರಡುತ್ತೇನೆ. ಸಿಗುತ್ತಾನೆಂಬ ಭರವಸೆಯಿಲ್ಲ."

"ನಾನೇನು ಮಾಡಲಿ?"

ಹೊರಗೆ ಮೆಟ್ಟಿಲ ಮೇಲೆ ಮಾಳವ್ವ ದಾರಿಯ ಕಡೆ ಮುಖಮಾಡಿ ಕೂತಿದ್ದಳು. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಹೋಗಿಯಾಗಿತ್ತು.

"ಹೊತ್ತು ಮುಳುಗುತ್ತಿದೆ. ಅವಳನ್ನು ಮನೆಗೆ ಕರೆದುಕೊಂಡು ಹೋಗು."

"ಆ ಮನೆಯಲ್ಲಿ ಯಾರೂ ಇಲ್ಲ, ಗುರುಗಳೇ."

"ಅದಕ್ಕೇ ನಿನ್ನನ್ನು ಹೋಗು ಅಂದದ್ದು. ಹೋಗಿ ಒಲೆ ಹಚ್ಚು."